ರೈಲಿಲ್ಲದ ಊರಿನ ರೈಲಾಟ

ನಾನು ಹುಟ್ಟಿದ್ದು ಆಳಂದದಲ್ಲಿ. ಅವ್ವನ ತವರು ಅಫಜಲಪುರ. ನನ್ನನ್ನು ಕೊಟ್ಟದ್ದು ಜೇವರ್ಗಿಗೆ. ಮೂರೂ ತಾಲ್ಲೂಕು ಕೇಂದ್ರಗಳೇ. ಮೂರಕ್ಕೂ ಕಚೇರಿ ಇದೆ, ಸಂತೆ ಇದೆ, ಬಸ್‌ಸ್ಟ್ಯಾಂಡ್ ಇದೆ. ರೈಲು ಮಾತ್ರ ಒಂದು ಊರಿಗೂ ಇಲ್ಲ. ಮುಂಬೈಯಿಂದ ಹೊರಟ ಜಿ.ಐ.ಪಿ. ಕಂಪನಿಯ ಹಳಿ ಸೋಲಾಪುರ, ಗುಲ್ಬರ್ಗ ದಾಟಿ 1871ರಲ್ಲಿ ರಾಯಚೂರಿಗೆ ಬಂದು ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ನಮ್ಮ ಮೂರು ಊರುಗಳನ್ನು ಎಡಕ್ಕೆ ಬಲಕ್ಕೆ ಬಿಟ್ಟು ನಡುವೆ ನುಸುಳಿ ಹೋಯಿತು. 2017ರಲ್ಲಿ ಬೀದರ–ಕಲಬುರಗಿ ಹೊಸ ಮಾರ್ಗ ತೆರೆದಾಗಲಾದರೂ ಈ ಕಡೆ ಹೊರಳೀತೇ ಎಂದು ನೋಡಿದರೆ ಅದು ಹುಮನಾಬಾದಿನ ದಾರಿ ಹಿಡಿಯಿತು. ಅಮರ್ಜಾ ಹೊಳೆ ಆಳಂದದ ಸೀಮೆಯಲ್ಲಿ ಹರಿದು, ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರಿ, ಭೀಮೆಯ ಜೊತೆ ಜೇವರ್ಗಿಯ ಕಡೆ ಬರುತ್ತದೆ. ನಾನೂ ಹಾಗೇ ಬಂದೆ. ನೀರಿಗೆ ಗೊತ್ತಿದ್ದ ದಾರಿ ರೈಲಿಗೆ ಗೊತ್ತಾಗಲಿಲ್ಲ, ಅಷ್ಟೆ.

ಇಂಥ ಊರಿನವಳಾದ ನಾನು ಒಂದು ಸಂಜೆ ಮೂರು ತಾಸು ರೈಲ್ವೆ ನೌಕರಿ ಮಾಡಿದ್ದೇನೆ ಎಂದರೆ ನೀವು ನಗುತ್ತೀರಿ. ಅದೂ ಅಮೆರಿಕದಲ್ಲಿ, ಒಬ್ಬರ ಮನೆಯ ನೆಲಮಾಳಿಗೆಯಲ್ಲಿ. ಅದನ್ನು ಹೇಳುವ ಮೊದಲು ನಮ್ಮ ಕಾಕಾನ ಮಾತು ಹೇಳಬೇಕು.

ಅಪ್ಪನ ತಮ್ಮ, ನಮ್ಮ ಕಾಕಾ, ಒಕ್ಕಲುತನ ಬಿಟ್ಟು ರೈಲ್ವೆ ಸೇರಿದವರು. ಹೋಟಗಿಗೂ ಗುಲ್ಬರ್ಗಕ್ಕೂ ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಮಾಸ್ತರಾಗಿದ್ದರು. ಸ್ಟೇಷನ್ನಿನ ಹೆಸರು ಬೇಡ. ಬೇಸಿಗೆ ಸೂಟಿ ಬಂತೆಂದರೆ ನನ್ನನ್ನೂ ತಮ್ಮನನ್ನೂ ಬಸ್ಸಿಗೆ ಹಾಕಿ ಅಲ್ಲಿಗೆ ಕಳಿಸುತ್ತಿದ್ದರು. 1960ರ ದಶಕದ ಮಾತು, ಕಲ್ಲಿದ್ದಲಿನ ಎಂಜಿನ್ನು. ಆಗ ಅಲ್ಲಿ ಒಂಟಿ ಹಳಿ. ಈಗ ದೌಂಡಿನಿಂದ ಕಲಬುರಗಿಯವರೆಗೆ ಜೋಡಿ ಹಳಿ ಬಿದ್ದು, ಮೇಲೆ ವಿದ್ಯುತ್ ತಂತಿಯೂ ಬಂದು, ಆ ಸ್ಟೇಷನ್ನು ಕಣ್ಣುಮುಚ್ಚಿ ತೆರೆಯುವುದರಲ್ಲಿ ಹಿಂದೆ ಹೋಗಿಬಿಡುತ್ತದೆ. ಆಗ ಹಾಗಲ್ಲ. ಒಂಟಿ ಹಳಿಯ ಮೇಲೆ ಆ ಕಡೆಯಿಂದ ಒಂದು ಗಾಡಿ, ಈ ಕಡೆಯಿಂದ ಒಂದು ಗಾಡಿ ಬರುವಾಗ ಯಾರಾದರೊಬ್ಬರು ನಿಲ್ಲಲೇಬೇಕು. ಯಾರು ನಿಲ್ಲಬೇಕು, ಎಲ್ಲಿ ನಿಲ್ಲಬೇಕು ಎನ್ನುವುದೇ ಕಾಕಾನ ಹಗಲು ರಾತ್ರಿಯ ಚಿಂತೆ.

ಅವರ ಕೋಣೆಯಲ್ಲಿ ಒಂದು ಕೆಂಪು ಬಣ್ಣದ ಕಬ್ಬಿಣದ ಯಂತ್ರವಿತ್ತು. ಅದರ ಹೊಟ್ಟೆಯಲ್ಲಿ ಲೋಹದ ಗುಂಡುಗಳು. ಮುಂದಿನ ಸ್ಟೇಷನ್ನಿನ ಮಾಸ್ತರು ಅಲ್ಲಿಂದ ಒತ್ತಿ ಹಿಡಿದರೆ ಮಾತ್ರ ಇಲ್ಲಿ ಒಂದು ಗುಂಡು ಹೊರಗೆ ಬರುತ್ತಿತ್ತು. ಒಂದು ಬಂದ ಮೇಲೆ, ಅದು ಆ ತುದಿ ಮುಟ್ಟಿ ಅಲ್ಲಿಯ ಯಂತ್ರದ ಹೊಟ್ಟೆ ಸೇರುವವರೆಗೆ ಎರಡೂ ಯಂತ್ರಗಳಿಂದ ಎರಡನೆಯ ಗುಂಡು ಬರುವ ಹಾಗಿಲ್ಲ. ಆ ಗುಂಡನ್ನು ಚರ್ಮದ ಚೀಲದಲ್ಲಿ ಹಾಕಿ, ಬೆತ್ತದ ದೊಡ್ಡ ಬಳೆಗೆ ಕಟ್ಟಿ, ಪಾಯಿಂಟ್ಸ್‌ಮನ್ ಕೈಯೆತ್ತಿ ಹಿಡಿದು ನಿಲ್ಲುತ್ತಿದ್ದ. ಮೇಲ್ ಗಾಡಿ ನಿಲ್ಲದೆ ಹೋಗುವಾಗ ಡ್ರೈವರ್ ತೋಳು ಚಾಚಿ ಈ ಬಳೆ ಸೆಳೆದುಕೊಂಡು ಹಳೆಯದನ್ನು ಎಸೆದು ಹೋಗುತ್ತಿದ್ದ. ಗುಂಡು ಕೈಯಲ್ಲಿಲ್ಲದ ಡ್ರೈವರ್ ಮುಂದಿನ ಹಳಿಗೆ ಕಾಲಿಡುವಂತಿಲ್ಲ. ಎಂಥ ದೊಡ್ಡ ಎಂಜಿನ್ನು, ಎಂಥ ಸಣ್ಣ ಗುಂಡು!

ಯಂತ್ರಕ್ಕಿಂತ ನನಗೆ ಬೆರಗು ಅನ್ನಿಸಿದ್ದು ಕಾಕಾ ಫೋನಿನಲ್ಲಿ ಮಾತಾಡುವ ರೀತಿ. ಆ ಕಡೆಯವರು ಹೇಳಿದ್ದನ್ನೇ ಇವರು ಅಕ್ಷರ ಬಿಡದೆ ತಿರುಗಿ ಹೇಳುವರು. ಇವರು ಹೇಳಿದ್ದನ್ನು ಅವರೂ ತಿರುಗಿ ಹೇಳುವರು. ಆಮೇಲೆ ಇಬ್ಬರೂ ತಮ್ಮ ತಮ್ಮ ಹಾಳೆ ನೋಡಿ ಒಂದೊಂದು ಅಂಕಿ ಹೇಳಿ, ಬರೆದುಕೊಂಡು, ಹಾಳೆಯಲ್ಲಿ ಆ ಅಂಕಿ ಹೊಡೆದು ಹಾಕುವರು. ಗೇಟಿನವನೂ ಗೇಟು ಹಾಕಿದ ಮೇಲೆ ಹೀಗೇ ಒಂದು ಅಂಕಿ ಕೊಡಬೇಕು. ಅಂಕಿ ಬಾರದೆ ಸಿಗ್ನಲ್ ಇಳಿಯದು. ಒಮ್ಮೆ ನಾನು, “ಕಾಕಾ, ಅವರು ಹೇಳಿದ್ದು ನಿಮಗ ಕೇಳ್ಸೇದಲ್ಲ, ಹೂಂ ಅಂದ್ರ ಸಾಕಾಗಂಗಿಲ್ಲೇನು?” ಎಂದು ಕೇಳಿದ್ದೆ.

“ಹೂಂ ಅಂಬೂದು ಮಾತಲ್ಲವ್ವ. ಕೇಳಿದಾವನೂ ಹೂಂ ಅಂತಾನ, ಕೇಳದಾವನೂ ಹೂಂ ಅಂತಾನ. ನಿದ್ದಿ ಹತ್ತಿದಾವನಂತೂ ಭಾಳ ಚೊಲೋ ಹೂಂ ಅಂತಾನ. ಹೂಂ ಅನಬ್ಯಾಡ, ತಿರುಗಿ ಹೇಳು.”

ಒಂದು ಮಳೆಗಾಲದ ರಾತ್ರಿ ಫೋನಿನ ತಂತಿಯಲ್ಲಿ ಗರಗರ ಶಬ್ದ. ಆ ಕಡೆಯವರು ಹೇಳಿದ್ದು ಸರಿಯಾಗಿ ಕೇಳಲಿಲ್ಲವೆಂದು ಕಾಕಾ ಮೂರು ಸಲ ಕೇಳಿದರು. ಅವರು ಸಿಟ್ಟಾದರು. ನಾಲ್ಕನೆಯ ಸಲ ಕೇಳಿದರು. ಅಷ್ಟರಲ್ಲಿ ಗಾಡಿ ಸಿಗ್ನಲ್ಲಿನ ಹೊರಗೆ ಇಪ್ಪತ್ತು ನಿಮಿಷ ನಿಂತಿತ್ತು. ಮುಂದೆ ಮೇಲಿನವರಿಂದ ಕಾಗದ ಬಂತು, ಕಾಕಾ ಉತ್ತರ ಬರೆಯಬೇಕಾಯಿತು. ಆ ವಾರವೆಲ್ಲ ಕಾಕು ಮುಖ ಸಣ್ಣದು ಮಾಡಿಕೊಂಡಿದ್ದರು. ಕಾಕಾ ಮಾತ್ರ ಅಂಗಳದಲ್ಲಿ ಹೊರಸು ಹಾಕಿಕೊಂಡು, “ಬೈಸಿಕೊಂಡೆ, ಖರೆ. ಆದರ ನಿದ್ದಿ ಬಂತು” ಎಂದು ನಕ್ಕಿದ್ದರು. ಅದು ನಗುವ ಮಾತಲ್ಲವೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಸೂಟಿ ಮುಗಿದು ಆಳಂದಕ್ಕೆ ಮರಳಿದ ಮೇಲೆ ನಮ್ಮ ಅಂಗಳದಲ್ಲಿ ರೈಲು ಬರುತ್ತಿತ್ತು. ಸುಣ್ಣದ ನೀರಿನಲ್ಲಿ ಎರಡು ಗೆರೆ ಎಳೆದರೆ ಹಳಿ. ಕಡ್ಡಿಪೆಟ್ಟಿಗೆಗಳಿಗೆ ದಾರ ಪೋಣಿಸಿದರೆ ಡಬ್ಬಿ. ಬಾವಿಕಟ್ಟೆ ಸೋಲಾಪುರ, ಪಡಸಾಲೆಯ ಮೆಟ್ಟಿಲು ಗುಲ್ಬರ್ಗ, ದನದ ಕೊಟ್ಟಿಗೆ ವಾಡಿ ಜಂಕ್ಷನ್. ಹಗೇವಿನ ಬಾಯಿಯ ಮೇಲಿನ ಕಲ್ಲು ಇದ್ದಲ್ಲಿ ಸುರಂಗ. ಗುಂಡಿನ ಬದಲು ಗಜ್ಜುಗ. ಅವ್ವನ ಎಲೆ ಅಡಿಕೆ ಚೀಲದಲ್ಲಿ ಹಾಕಿದ ಗಜ್ಜುಗ ಕೈಗೆ ಬಾರದೆ ಯಾರೂ ಡಬ್ಬಿ ಎಳೆಯುವಂತಿಲ್ಲ. ಕಾಕಾನ ಇಬ್ಬರು ಗಂಡುಮಕ್ಕಳು ಬಂದಿದ್ದರೆ ಅವರು ಮಾಸ್ತರುಗಳು, ನನ್ನ ತಮ್ಮ ಡ್ರೈವರ್. ಓಣಿಯ ಹುಡುಗರು ಪಾಯಿಂಟ್ಸ್‌ಮನ್, ಗಾರ್ಡ್. ನಾನು ಗೇಟ್‌ಮನ್. ಎಲ್ಲರಿಗಿಂತ ದೊಡ್ಡವಳು, ಎಲ್ಲ ನಿಯಮ ಬಲ್ಲವಳು, ಆದರೂ ಗೇಟ್‌ಮನ್. ಮಾಸ್ತರಿಕೆ ಕೇಳಿದಾಗ ಕಾಕಾನ ಹಿರಿಮಗ, “ಹೆಣ್ಣಮಕ್ಕಳು ಮಾಸ್ತರ್ ಎಲ್ಲರ ಆಗ್ತಾರೇನ?” ಎಂದು ನಿಜವಾಗಿಯೂ ಅಚ್ಚರಿಪಟ್ಟು ಕೇಳಿದ. ಅವನು ಕಂಡ ಸ್ಟೇಷನ್ನುಗಳಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ, ಅವನದೇನು ತಪ್ಪು?

ಆದರೆ ಗೇಟಿಗೆ ಒಂದು ಬಲವಿತ್ತು. ನಾನು ಅಂಕಿ ಕೊಡದೆ ಗಾಡಿ ಹೊರಡುವಂತಿಲ್ಲ. “ಗೇಟ್ ಬಂದ್ ಆತೇನಕ್ಕಾ?” ಎಂದು ತಮ್ಮ ಕೂಗುವನು. ನನ್ನ ಮನಸ್ಸು ಸರಿ ಇದ್ದರೆ “ಆತು, ನಂಬರ್ ನಲವತ್ತೇಳು” ಎನ್ನುವೆ. ಸಿಟ್ಟು ಬಂದಿದ್ದರೆ, “ಇನ್ನಾ ಇಲ್ಲ. ಎತ್ತಿನ ಗಾಡಿ ದಾಟ್ಲಕತ್ತದ” ಎನ್ನುವೆ. ಇಲ್ಲದ ಎತ್ತಿನ ಗಾಡಿಯನ್ನು ಎಷ್ಟು ಹೊತ್ತು ಬೇಕಾದರೂ ದಾಟಿಸಬಹುದಿತ್ತು. ಒಮ್ಮೆ ಒಂದು ಮದುವೆಯ ದಿಬ್ಬಣವನ್ನೇ ದಾಟಿಸಿ ಸೋಲಾಪುರ ಪ್ಯಾಸೆಂಜರನ್ನು ಮಧ್ಯಾಹ್ನದ ಊಟದವರೆಗೆ ನಿಲ್ಲಿಸಿದ್ದೆ.

ಹದಿಮೂರಕ್ಕೆ ನಾನು ದೊಡ್ಡವಳಾದೆ. ಅಂಗಳಕ್ಕೆ ಇಳಿಯುವುದು ನಿಂತಿತು. ಯಾರೂ ಆಟ ಬಿಡು ಎನ್ನಲಿಲ್ಲ. ಆಟವೇ ನನ್ನನ್ನು ಬಿಟ್ಟಿತು. ನಾನಿಲ್ಲದೆ ಹುಡುಗರು ಗೇಟನ್ನೇ ತೆಗೆದುಹಾಕಿದರಂತೆ.

2023ರ ಮಾರ್ಚ್ 13ರಂದು ಸುರೇಖಾ ಯಾದವ್ ಸೋಲಾಪುರದಿಂದ ಮುಂಬೈಗೆ ವಂದೇ ಭಾರತ್ ಗಾಡಿ ಓಡಿಸಿದ ಸುದ್ದಿ ಓದಿದಾಗ ಕಾಕಾನ ಹಿರಿಮಗನಿಗೆ ಫೋನ್ ಮಾಡಿ ಓದಿ ಹೇಳಿದೆ. ಸಾತಾರಾ ಕಡೆಯ ಆ ಹೆಣ್ಣುಮಗಳು 1989ರಲ್ಲೇ ಸಹಾಯಕ ಚಾಲಕಿಯಾಗಿ ಸೇರಿದ್ದವರು. ಅವರು ಎಂಜಿನ್ ಹತ್ತಿದ ವರ್ಷ ನಾನು ಜೇವರ್ಗಿಯ ಶಾಲೆಯಲ್ಲಿ ಅಂಕಪಟ್ಟಿ ತುಂಬುತ್ತ, ಮೂರನೆಯ ಪಿರಿಯಡ್ಡಿನಲ್ಲಿ ರಾತ್ರಿ ಯಾವ ಪಲ್ಯ ಎಂದು ಯೋಚಿಸುತ್ತ ಕೂತಿದ್ದೆ. “ಆತು ಬಿಡ್ರಿ ಅಕ್ಕಾ, ಮಾಸ್ತರಿಕಿ ಕೊಟ್ಟೆ ನಿಮಗ” ಎಂದ ಅವನು. ಐವತ್ತು ವರ್ಷ ಮೇಲಾಗಿತ್ತು.

ಶಾಲೆಯ ಪ್ರವಾಸದಲ್ಲಿ ಒಮ್ಮೆ ಮಕ್ಕಳನ್ನು ಪುಣೆಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ಭಾವೂಸಾಹೇಬ ಜೋಶಿ ಎಂಬವರು ಕಟ್ಟಿದ ಪುಟ್ಟ ರೈಲಿನ ವಸ್ತುಸಂಗ್ರಹಾಲಯವಿದೆ. 1998ರಲ್ಲಿ ಜನರಿಗೆ ತೆರೆದದ್ದು. ಒಂದು ಊರಿಗೆ ಊರನ್ನೇ ಮಾಡಿ, ದೀಪ ಆರಿಸಿ, ರಾತ್ರಿ ಮಾಡಿ, ರೈಲು ಓಡಿಸಿ ತೋರಿಸುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಗ್ವಾಲಿಯರ್ ಅರಮನೆಯಲ್ಲಿ ಊಟದ ಮೇಜಿನ ಮೇಲೆ ಬೆಳ್ಳಿಯ ರೈಲು ಓಡುತ್ತಿತ್ತೆಂದೂ ಅತಿಥಿಗಳಿಗೆ ಮದ್ಯ, ಚುಟ್ಟಾ ಹೊತ್ತು ತರುತ್ತಿತ್ತೆಂದೂ ನೀವು ಕೇಳಿರಬಹುದು. ಅದೂ ಚಂದವೇ. ಬಡಿಸುವ ಹೆಂಗಸರಿಗೆ ಅಷ್ಟು ನಡಿಗೆ ಉಳಿಯಿತು. ಆದರೆ ಇವೆಲ್ಲ ನೋಡುವ ರೈಲುಗಳು. ಅಂಗಳದಲ್ಲಿ ನಾವು ಆಡಿದ್ದು ನೋಡುವ ರೈಲಲ್ಲ. ಅದರಲ್ಲಿ ನೋಡುವವರೇ ಇರಲಿಲ್ಲ, ಎಲ್ಲರಿಗೂ ಒಂದೊಂದು ಕೆಲಸ. ಅಂಥದ್ದನ್ನು ದೊಡ್ಡವರು ಆಡುವುದನ್ನು ನಾನು ಕಂಡದ್ದು ಅಮೆರಿಕದಲ್ಲಿ.

ಮಗಳು ಇರುವುದು ವಿಸ್ಕಾನ್ಸಿನ್ ರಾಜ್ಯದಲ್ಲಿ. ಆರು ತಿಂಗಳಿಗೆಂದು ಹೋಗಿದ್ದೆ. ಚಳಿಗಾಲ, ಹೊರಗೆ ಬಿಳಿ, ಒಳಗೆ ಮೊಮ್ಮಗಳ ಬಾಟಲಿ. ಪಕ್ಕದ ಮನೆಯವರು ನಿವೃತ್ತ ಶಾಲಾ ಮಾಸ್ತರರು. ಅವರ ಮನೆಗೆ ತಿಂಗಳಿಗೊಂದು ಶನಿವಾರ ಸಂಜೆ ಹತ್ತು ಹನ್ನೆರಡು ಕಾರುಗಳು ಬಂದು ನಿಲ್ಲುತ್ತಿದ್ದವು. ಇಳಿಯುವವರೆಲ್ಲ ಅರವತ್ತು ಎಪ್ಪತ್ತು ದಾಟಿದ ಗಂಡಸರು, ಕೆಲವರ ತಲೆಗೆ ಹಳೆಯ ಎಂಜಿನ್ ಡ್ರೈವರುಗಳ ಪಟ್ಟೆಪಟ್ಟೆ ಟೊಪ್ಪಿಗೆ. ಏನಿದು, ಭಜನೆಯೇ ಎಂದು ಮಗಳನ್ನು ಕೇಳಿದೆ. “ಒಂದು ನಮೂನಿ ಭಜನೀನ, ಅವ್ವಾ. ರೈಲಾಟ ಆಡ್ತಾರ” ಎಂದಳು.

ಒಂದು ಶನಿವಾರ ಆ ಮಾಸ್ತರರೇ ಬಾಗಿಲಿಗೆ ಬಂದರು. ಹಿಮ ಬಿದ್ದು ಇಬ್ಬರು ಬರಲಾಗಿಲ್ಲ, ಒಂದು ಕುರ್ಚಿ ಖಾಲಿ, ಬರೆಯಲು ಬರುವ ಒಬ್ಬರು ಬೇಕು, ಅಳಿಯಂದಿರು ಬಂದಾರೇ ಎಂದು ಕೇಳಿದರು. ಅಳಿಯ ಊರಲ್ಲಿರಲಿಲ್ಲ. ನಾನು ಬರುತ್ತೇನೆ ಎಂದೆ. ಮಗಳು ನನ್ನ ಮುಖ ನೋಡಿದಳು. “ಅವ್ವಾ, ನಿನಗ ಆಗ್ತದೇನ?” ಆಗುತ್ತದೋ ಇಲ್ಲವೋ, ಹಿಂದಿನ ದಿನ ಮಾಡಿದ ಶೇಂಗಾ ಹೋಳಿಗೆ ಡಬ್ಬಿಯಲ್ಲಿ ಹಾಕಿಕೊಂಡು ಹೊರಟೆ. ಬರಿಗೈಲಿ ಹೋಗಬಾರದಲ್ಲ.

ಇಲ್ಲಿ ಒಂದು ಮನೆಯ ಮಾತು ಹೇಳಬೇಕು. ಹೊರಡುವ ಮುಂಚಿನ ವಾರ ತಮ್ಮ ಆಳಂದದಿಂದ ಫೋನ್ ಮಾಡಿದ್ದ. ಅಪ್ಪನ ಮನೆ ಕೆಡವಿ ಮಳಿಗೆಗಳನ್ನು ಕಟ್ಟಿಸಲು ಯಾರೋ ಮುಂದೆ ಬಂದಿದ್ದಾರೆ, ನನ್ನದೊಂದು ಸಹಿ ಬೇಕು. “ಕಾಗದ ತಯಾರ್ ಅದ ಅಕ್ಕಾ. ನೀ ಬಂದ ಮ್ಯಾಲ ಸಹಿ ಹಾಕಿದ್ರಾತು.” ನಾನು ಹೂಂ ಅಂದಿದ್ದೆ. 2005ರ ಕಾಯ್ದೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿದೆ ಎಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು ನಾನು. ಆದರೆ ಪಾಠ ಬೇರೆ, ತಮ್ಮ ಬೇರೆ. ಅವ್ವ ಹಾಸಿಗೆ ಹಿಡಿದ ಅಷ್ಟೂ ವರ್ಷ ಅವಳನ್ನು ಎತ್ತಿ ಇಳಿಸಿದವನು ಅವನೇ, ಅವನ ಹೆಂಡತಿಯೇ. ನಾನು ಹಬ್ಬಕ್ಕೆ ಹೋಗಿ ಸೀರೆ ಉಟ್ಟು ಬರುತ್ತಿದ್ದೆ. ಕಾಗದದಲ್ಲಿ ಏನು ಬರೆದಿದೆ ಎಂದು ಯಾವ ಮುಖದಿಂದ ಕೇಳಲಿ? ಕೇಳಲಿಲ್ಲ.

ನೆಲಮಾಳಿಗೆಗೆ ಇಳಿಯುವಾಗ ನಮ್ಮ ಹಗೇವು ನೆನಪಾಯಿತು. ಕೆಳಗೆ ಜೋಳದ ಬದಲು ಒಂದು ದೇಶವೇ ಇತ್ತು. ಎದೆಯ ಎತ್ತರಕ್ಕೆ, ಗೋಡೆಗುಂಟ, ನಡುವೆ ಸುತ್ತಿ ಬಳಸಿ, ಗುಡ್ಡ, ಹೊಳೆ, ಸೇತುವೆ, ಕಾಳಿನ ಕಣಜ, ಕಲ್ಲಿದ್ದಲ ಗಣಿ, ಏಳೆಂಟು ಸಣ್ಣ ಊರುಗಳು. ನಿಜದ 87 ಅಡಿ ಇಲ್ಲಿ ಒಂದು ಅಡಿ. ಮನುಷ್ಯರು ಹೆಬ್ಬೆರಳ ಉಗುರಿನಷ್ಟು. ಒಂದು ಊರಿನ ಹಿತ್ತಲಲ್ಲಿ ದಾರದ ಮೇಲೆ ಬಟ್ಟೆ ಒಣಹಾಕಿತ್ತು. ಒಣಹಾಕಿದ ಹೆಂಗಸನ್ನು ಮಾತ್ರ ಮಾಡಿರಲಿಲ್ಲ. ಮಾಡಿದವರು ಗಂಡಸರು, ಬಟ್ಟೆ ತಾನೇ ಹೋಗಿ ಒಣಗುತ್ತದೆ ಎಂದುಕೊಂಡಿರಬೇಕು.

ಮಾಸ್ತರರು ನನಗೆ ಆಟ ವಿವರಿಸಿದರು. ಈ ಹವ್ಯಾಸದವರ ರಾಷ್ಟ್ರೀಯ ಸಂಘ ಅವರ ರಾಜ್ಯದ ಮಿಲ್ವಾಕಿ ನಗರದಲ್ಲೇ 1935ರಲ್ಲಿ ಹುಟ್ಟಿದ್ದಂತೆ. ಮೊದಮೊದಲು ಎಲ್ಲರೂ ಚಂದದ ಎಂಜಿನ್ನು ಮಾಡಿ ಸುತ್ತು ಹೊಡೆಸಿ ಸಂತೋಷಪಡುತ್ತಿದ್ದರು. ಸುತ್ತಿ ಸುತ್ತಿ ಬೇಸರವಾದ ಮೇಲೆ ಪ್ರಶ್ನೆ ಎದ್ದಿತು: ಈ ರೈಲು ಎಲ್ಲಿಗೆ ಹೊರಟಿದೆ, ಯಾತಕ್ಕೆ? ನ್ಯೂ ಆರ್ಲಿಯನ್ಸಿನ ಫ್ರಾಂಕ್ ಎಲಿಸನ್ ಎಂಬಾತ, ನಾಟಕ ಕಂಪನಿಗಳ ವಾದ್ಯಗಾರನಾಗಿದ್ದವನು, 1940ರ ದಶಕದಲ್ಲಿ ಇದಕ್ಕೆ ನಾಟಕದ ದಾರಿ ತೋರಿಸಿದ. ಹಳಿ ಇರುವ ಜಾಗ ರಂಗಸ್ಥಳ, ಗಾಡಿಗಳು ಪಾತ್ರಧಾರಿಗಳು, ವೇಳಾಪಟ್ಟಿಯೇ ಕತೆ. ಕಂಪನಿ ನಾಟಕ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಟಕದಂತೆಯೇ ಇಲ್ಲೂ ತೆರೆಯ ಹಿಂದೆ ಒಂದು ಜಾಗವಿದೆ. ಗುಡ್ಡದ ಹಿಂದೆ ಮರೆಯಲ್ಲಿ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಅದು ‘ಉಳಿದ ಜಗತ್ತು’. ಅಲ್ಲಿಂದ ಬಂದು, ತಮ್ಮ ಪಾತ್ರ ಮುಗಿಸಿ, ಅಲ್ಲಿಗೇ ಹೋಗುತ್ತವೆ.

ಪ್ರತಿ ವ್ಯಾಗನ್ನಿಗೂ ಒಂದು ಚೀಟಿ. ಚೀಟಿಯಲ್ಲಿ ಎಲ್ಲಿಂದ ಎಲ್ಲಿಗೆ, ಏನು ಸರಕು ಎಂದು ಬರೆದಿದೆ. ಒಂದು ಸಲದ ಆಟ ಮುಗಿದ ಮೇಲೆ ಚೀಟಿ ಹೊರಳಿಸಿದರೆ ಮುಂದಿನ ಊರು. ಕಲ್ಲಿದ್ದಲು ಗಣಿಯಿಂದ ಕಾರ್ಖಾನೆಗೆ, ಗೋಧಿ ಕಣಜದಿಂದ ಗಿರಣಿಗೆ. ಕಣಜದ ಮುಂದೆ ನಿಂತ ವ್ಯಾಗನ್ನು ನೋಡಿ ನಾನು ಮನಸ್ಸಿನಲ್ಲೇ ಅದಕ್ಕೆ ತೊಗರಿ ತುಂಬಿದೆ. ನಮ್ಮೂರ ತೊಗರಿಗೆ ಸಿಗದ ರೈಲು ಇಲ್ಲಾದರೂ ಸಿಗಲಿ. ಗೋಡೆಯ ಗಡಿಯಾರ ನಾಲ್ಕು ಪಟ್ಟು ಜೋರಾಗಿ ಓಡುತ್ತದೆ. ನಮ್ಮ ಮೂರು ತಾಸಿಗೆ ಅಲ್ಲಿ ಹನ್ನೆರಡು ತಾಸು. ಒಬ್ಬೊಬ್ಬರ ಕೈಯಲ್ಲಿ ಟಿ.ವಿ. ರಿಮೋಟಿನಂಥ ಒಂದು ಸಾಧನ. ಅದರಿಂದ ತಮ್ಮ ಎಂಜಿನ್ನನ್ನು ಮಾತ್ರ ನಡೆಸುತ್ತ ಗಾಡಿಯ ಜೊತೆಜೊತೆಗೇ ನಡೆಯುತ್ತಾರೆ, ಆಕಳ ಹಿಂದೆ ಹೋದ ಹಾಗೆ. ಕಂಪ್ಯೂಟರಿನ ಹುಡುಗರಿಗೆ ಈ ಆಟದ ಋಣವಿದೆಯೆಂದು ಮಾಸ್ತರರು ಹೇಳಿದರು: ಎಂ.ಐ.ಟಿ. ಎಂಬ ದೊಡ್ಡ ವಿದ್ಯಾಸಂಸ್ಥೆಯಲ್ಲಿ 1946ರಿಂದ ಇಂಥದೊಂದು ಕೂಟವಿದ್ದು, ಅಲ್ಲಿ ಹಳಿಯ ಕೆಳಗಿನ ತಂತಿಗಳಲ್ಲಿ ಮುಳುಗಿದ್ದ ಹುಡುಗರೇ ಮುಂದೆ ಕಂಪ್ಯೂಟರಿಗೆ ಗಂಟುಬಿದ್ದು, ‘ಹ್ಯಾಕರ್’ ಎಂಬ ಮಾತನ್ನು ಬಳಕೆಗೆ ತಂದವರಂತೆ. ಅಳಿಯನಿಗೆ ಹೇಳಬೇಕು ಎಂದುಕೊಂಡೆ.

ಇಷ್ಟೆಲ್ಲವನ್ನೂ ನಡೆಸುವವರು ಡಿಸ್ಪ್ಯಾಚರ್. ಅವರು ಈ ಕೋಣೆಯಲ್ಲೇ ಇರುವುದಿಲ್ಲ. ಮೇಲೆ, ಬಟ್ಟೆ ಒಗೆಯುವ ಯಂತ್ರದ ಪಕ್ಕ, ಒಂದು ಸಣ್ಣ ಮೇಜಿನ ಮುಂದೆ ಕೂತು, ಒಂದು ಗಾಡಿಯನ್ನೂ ಕಣ್ಣಿಂದ ಕಾಣದೆ, ಫೋನಿನಲ್ಲಿ ಕೇಳಿದ್ದನ್ನು ಹಾಳೆಯಲ್ಲಿ ಬರೆದುಕೊಂಡು, ಯಾರು ಎಲ್ಲಿ ನಿಲ್ಲಬೇಕು ಎಂದು ಅಪ್ಪಣೆ ಕೊಡುತ್ತಾರೆ. ಕಾಣದೆ ಇರುವುದನ್ನೆಲ್ಲ ನಡೆಸುವ ಈ ಕೆಲಸ ಯಾವ ಮನೆಯ ಹೆಣ್ಣುಮಗಳಿಗೆ ಗೊತ್ತಿಲ್ಲ? ಯಾರು ಎಷ್ಟಕ್ಕೆ ಏಳುತ್ತಾರೆ, ಯಾರ ಡಬ್ಬಿ ಎಷ್ಟಕ್ಕೆ ಹೊರಡಬೇಕು, ಬಚ್ಚಲು ಯಾರಿಗೆ ಮೊದಲು. ಒಂಟಿ ಹಳಿಯ ಮೇಲೆ ಐದಾರು ಗಾಡಿ.

ನನ್ನ ಕುರ್ಚಿ ಮಧ್ಯದ ಒಂದು ಸ್ಟೇಷನ್ನಿನ ‘ಆಪರೇಟರ್’ನದು. ಮೇಜು, ಹಳೆಯ ಕಾಲದ ಫೋನು, ಕಾರ್ಬನ್ ಕಾಗದ ಇಟ್ಟ ತೆಳು ಹಾಳೆಗಳು. ಡಿಸ್ಪ್ಯಾಚರ್ ಫೋನಿನಲ್ಲಿ ಅಪ್ಪಣೆ ಹೇಳುತ್ತಾರೆ. ನಾನು ಬರೆದುಕೊಂಡು, ತಿರುಗಿ ಓದಿ ಹೇಳಬೇಕು. ಸರಿ ಇದ್ದರೆ ಅವರು ‘ಪೂರ್ಣ’ ಎಂದು ಹೇಳಿ ವೇಳೆ ಕೊಡುತ್ತಾರೆ. ಆಮೇಲಷ್ಟೇ ಅದರ ಪ್ರತಿ ಗಾಡಿಯವರ ಕೈಗೆ. ಇಂಥ ಅಪ್ಪಣೆ ಚೀಟಿಗಳನ್ನು ಅಮೆರಿಕದ ನಿಜವಾದ ರೈಲುಗಳು 1980ರ ದಶಕದಲ್ಲಿ ಬಹುಪಾಲು ಬಿಟ್ಟುಕೊಟ್ಟವಂತೆ. ಈ ಮುದುಕರು ಬಿಟ್ಟಿಲ್ಲ. ವಿವರಿಸುತ್ತಿದ್ದ ಮಾಸ್ತರರನ್ನು ನಡುವೆಯೇ ತಡೆದು, “ನನಗೆ ಗೊತ್ತು” ಎಂದೆ. ಅವರಿಗೆ ಅಚ್ಚರಿ. ಕಾಕಾನ ಗುಂಡಿನ ಕತೆ ಹೇಳಿದೆ. ಟೊಪ್ಪಿಗೆಯ ನಾಲ್ಕು ಜನ ಸುತ್ತ ಬಂದು ನಿಂತು ಕೇಳಿದರು. ಒಬ್ಬರು ಬೆತ್ತದ ಬಳೆ ಎಷ್ಟು ದೊಡ್ಡದು ಎಂದು ಕೇಳಿದರು. ಎರಡೂ ಕೈಯಿಂದ ಗಾಳಿಯಲ್ಲಿ ಬರೆದು ತೋರಿಸಿದೆ.

ಗೊತ್ತು ಎಂದವಳು ಏನು ಮಾಡಿದೆ ಕೇಳಿ.

ಮೊದಲ ಎರಡು ಅಪ್ಪಣೆ ಸರಿಯಾಗಿ ಬರೆದು, ತಿರುಗಿ ಓದಿದೆ. ಮೂರನೆಯದರ ಹೊತ್ತಿಗೆ ಗಡಿಯಾರ ಓಡುತ್ತಿತ್ತು, ನನ್ನ ಮುಂದೆ ಒಂದು ಸರಕಿನ ಗಾಡಿ ನಿಂತು ಅದರ ಯಜಮಾನರು ಕೈ ಚಾಚಿ ಕಾಯುತ್ತಿದ್ದರು. ಡಿಸ್ಪ್ಯಾಚರ್ ಬೇಗ ಬೇಗ ಹೇಳಿದರು. ನನ್ನ ಸ್ಟೇಷನ್ನಿನ ಹೆಸರೂ ಮುಂದಿನ ಸ್ಟೇಷನ್ನಿನ ಹೆಸರೂ ಎರಡೂ ‘ವಿಲ್’ ಎಂದೇ ಮುಗಿಯುತ್ತಿದ್ದವು. ಅಮೆರಿಕನ್ನರ ಇಂಗ್ಲಿಷು ಬಾಯಲ್ಲಿ ಬಿಸಿ ಬದನೆಕಾಯಿ ಇಟ್ಟುಕೊಂಡ ಹಾಗೆ. ಎರಡನೆಯ ಸಲ ಕೇಳಿದರೆ ಈ ಮುದುಕಿಗೆ ಇಂಗ್ಲಿಷು ಬರುವುದಿಲ್ಲ ಎಂದುಕೊಂಡಾರು ಎನ್ನುವ ನಾಚಿಕೆ. “ಓಕೆ, ಓಕೆ” ಎಂದೆ. ಅವರೂ ಅವಸರದಲ್ಲಿದ್ದರು, ‘ಪೂರ್ಣ’ ಎಂದರು. ನಾನು ಚೀಟಿ ಹರಿದು ಕೊಟ್ಟೆ.

ಎರಡು ನಿಮಿಷವಾಗಿರಬಹುದು. ಗುಡ್ಡದ ಆ ಕಡೆಯಿಂದ ಯಾರೋ “ಓಹೋ” ಎಂದರು. ಎಲ್ಲರ ರಿಮೋಟುಗಳೂ ನಿಂತವು. ಹೋಗಿ ಬಗ್ಗಿ ನೋಡಿದರೆ ಸುರಂಗದ ಬಾಯಲ್ಲಿ ನನ್ನ ಸರಕಿನ ಗಾಡಿ. ಅದರ ಮೂಗಿಗೆ ಗೇಣು ದೂರದಲ್ಲಿ ಪ್ಯಾಸೆಂಜರ್ ಗಾಡಿ, ಒಳಗೆ ದೀಪ ಹಚ್ಚಿ, ಕಿಟಕಿಗಳಲ್ಲಿ ಉಗುರಿನಷ್ಟು ಜನ. ನನ್ನಲ್ಲೇ ನಿಂತು ದಾರಿ ಬಿಡಬೇಕಾಗಿದ್ದ ಗಾಡಿಯನ್ನು ನಾನು ಮುಂದಿನ ಊರಿಗೆ ಕಳಿಸಿದ್ದೆ.

ಆಟ ಎಂದು ಗೊತ್ತು. ಆದರೂ ನನ್ನ ಕೈ ತಣ್ಣಗಾಯಿತು. ಮಳೆಗಾಲದ ಆ ರಾತ್ರಿ ಕಾಕಾ ನಾಲ್ಕನೆಯ ಸಲ ಕೇಳದೆ ಇದ್ದಿದ್ದರೆ ಎಂಬುದು ಅರುವತ್ತು ವರ್ಷಗಳ ಮೇಲೆ, ಏಳು ಸಮುದ್ರದಾಚೆ, ಹೊಟ್ಟೆಯೊಳಗೆ ಇಳಿಯಿತು.

ಯಾರೂ ಬಯ್ಯಲಿಲ್ಲ. ಡಿಸ್ಪ್ಯಾಚರ್ ಮೆಟ್ಟಿಲಿಳಿದು ಬಂದರು. ಎಂಬತ್ತರ ಸುಮಾರಿನವರು, ಕೈ ಸ್ವಲ್ಪ ನಡುಗುತ್ತಿತ್ತು. ನನ್ನ ಹಾಳೆ ನೋಡಿದರು, ತಮ್ಮ ಹಾಳೆ ನೋಡಿದರು. “ನೀವು ನನಗೆ ಏನೆಂದು ಓದಿ ಹೇಳಿದಿರಿ?” ಎಂದು ಕೇಳಿದರು. ಏನೂ ಓದಿ ಹೇಳಲಿಲ್ಲ, ಓಕೆ ಅಂದೆ ಎಂದೆ. ಅವರು ತುಸು ಯೋಚಿಸಿ, “ಹಾಗಾದರೆ ಓದಿಸದೆ ‘ಪೂರ್ಣ’ ಎಂದದ್ದು ನಾನು. ತಪ್ಪು ಇಬ್ಬರದೂ” ಎಂದು ತಮ್ಮ ಹಾಳೆಯಲ್ಲೂ ಏನನ್ನೋ ಬರೆದುಕೊಂಡು ಮೇಲೆ ಹೋದರು. ಪ್ಯಾಸೆಂಜರ್ ಗಾಡಿ ಹಿಂದೆ ಹಿಂದೆ ಸರಿದು ದಾರಿ ಬಿಟ್ಟಿತು. ಆಮೇಲಿನ ಎಲ್ಲ ಅಪ್ಪಣೆಗಳನ್ನೂ ನಾನು ಎರಡೆರಡು ಸಲ ಓದಿದೆ. ಒಂದನ್ನು ಮೂರು ಸಲ. ಆ ಗಾಡಿ ತಡವಾಯಿತು. ಅದರ ಯಜಮಾನರು ನನ್ನ ಮೇಜಿ೦ದ ಇನ್ನೊಂದು ಹೋಳಿಗೆ ಎತ್ತಿಕೊಂಡು ಕಾದರು. ಹತ್ತು ಗಂಟೆಗೆ ಆಟ ಮುಗಿದಾಗ ಡಬ್ಬಿ ಖಾಲಿಯಾಗಿತ್ತು. ಮುಂದಿನ ತಿಂಗಳು ಬರುತ್ತೀರಲ್ಲ ಎಂದು ಮಾಸ್ತರರು ಕೇಳಿದರು. ನನಗೋ ಹೋಳಿಗೆಗೋ ಎಂದು ಸಂಶಯ ಬಂದರೂ ಬರುತ್ತೇನೆ ಎಂದೆ.

ಮನೆಗೆ ಬಂದಾಗ ಮಗಳು ಮಲಗಿದ್ದಳು. ನಮ್ಮಲ್ಲಿ ಆಗ ಭಾನುವಾರ ಬೆಳಿಗ್ಗೆ. ತಮ್ಮನಿಗೆ ಫೋನ್ ಹಚ್ಚಿದೆ. ಹಿಂದೆ ಬಾವಿಯ ಗಾಲಿ ಕಿರುಗುಡುವುದು ಕೇಳಿಸಿತು. ಅದು ಅದೇ ಗಾಲಿ.

“ಆ ಕಾಗದ ಕೈಯಾಗ ಅದ ಏನು?”

“ಅದ ಅಕ್ಕಾ. ಯಾಕ?”

“ಓದು. ಪೂರಾ ಓದು. ನಾ ತಿರುಗಿ ಹೇಳ್ತೀನಿ.”

ಅವನು ಸುಮ್ಮನಾದ. ಇಷ್ಟು ವರ್ಷಗಳಲ್ಲಿ ನಾನು ಹೀಗೆ ಕೇಳಿದ್ದೇ ಇಲ್ಲ. “ನನ್ನ ಮ್ಯಾಲ ನಂಬಿಗಿ ಇಲ್ಲೇನಕ್ಕಾ?” ಎಂದಾನು, ಎಂದರೆ ನಾನು ಏನು ಹೇಳಲಿ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವನು ಹಾಗೆನ್ನಲಿಲ್ಲ. ಒಳಗೆ ಹೋಗಿ ಕನ್ನಡಕ ಹುಡುಕಿದ ಸದ್ದಾಯಿತು. ಓದಿದ. ಚೆಕ್ಕುಬಂದಿ, ಅಳತೆ, ಬಾವಿ, ಹಗೇವು, ಅಂಗಳ. ಒಂದೊಂದು ಸಾಲು ಓದಿದಂತೆ ನಾನು ತಿರುಗಿ ಹೇಳಿದೆ. ‘ಯಾವ ಪ್ರತಿಫಲವನ್ನೂ ಪಡೆಯದೆ, ಮುಂದೆ ಯಾವ ಹಕ್ಕನ್ನೂ ಕೇಳದೆ’ ಎಂಬಲ್ಲಿಗೆ ಬಂದಾಗ ಅವನ ದನಿ ಸಣ್ಣದಾಯಿತು. ಅದನ್ನು ನಾನು ತಿರುಗಿ ಹೇಳಲಿಲ್ಲ. ಇನ್ನೊಮ್ಮೆ ಓದು ಎಂದೆ. ಓದಿದ. ಮತ್ತೂ ಒಮ್ಮೆ ಓದು ಎಂದೆ.

“ಇದು ನಾ ಬರಸಿದ್ದಲ್ಲ ಅಕ್ಕಾ, ಬರಿಯಾವರು ಹೆಂಗ ಬರೀತಾರೋ ಹಂಗ ಬರದಾರ. ನಾನೂ ಸರಿಯಾಗಿ ಓದಿದ್ದಿಲ್ಲ” ಎಂದ. ನಿಜವಿರಬಹುದು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಾವಿಯ ಗಾಲಿಯೂ ನಿಂತಿತ್ತು.

ಆಮೇಲೆ ತಮ್ಮ ಮೆಲ್ಲಗೆ ಕೇಳಿದ, “ಗೇಟ್ ಬಂದ್ ಆತೇನಕ್ಕಾ?”

“ಇನ್ನಾ ಇಲ್ಲ” ಎಂದೆ. “ಎತ್ತಿನ ಗಾಡಿ ದಾಟ್ಲಕತ್ತದ.”